ಕಾಕಾನ ಮೋಡೆಮ್, ಅಜ್ಜಿಯ ಮೊರ

ಮೊನ್ನೆ ಹುಬ್ಬಳ್ಳಿಯ ಒಂದು ಆಫೀಸಿಗೆ ಫೋನ್ ಹಚ್ಚಿದರೆ ಮನುಷ್ಯರ ಬದಲು ಹಳೆಯ ಫ್ಯಾಕ್ಸ್ ಯಂತ್ರವೊಂದು ಎತ್ತಿಕೊಂಡಿತು. ಮೊದಲು ನೀಳವಾದ ಸಿಳ್ಳೆ, ಆಮೇಲೆ ಕಾದ ಹಂಚಿಗೆ ನೀರು ಚಿಮುಕಿಸಿದಂಥ ಚರಚರ. ಫೋನನ್ನು ಕಿವಿಯಿಂದ ದೂರ ಹಿಡಿದೆ. ಈ ಸದ್ದು ನಿಮಗೂ ಗೊತ್ತಿದ್ದರೆ ನೀವು ನನ್ನ ವಾರಿಗೆಯವರೇ, ಒಂದು ಕಾಲಕ್ಕೆ ಇಂಟರ್ನೆಟ್ಟಿಗಾಗಿ ಕಿವಿ ಮುಚ್ಚಿಕೊಂಡು ಕಾದವರೇ. ನನಗೆ ಮಾತ್ರ ಇದನ್ನು ಕೇಳಿದಾಗಲೆಲ್ಲ, ಕಿವಿ ಮುಚ್ಚಿಕೊಳ್ಳದೆ ಕೂತಿದ್ದ ಅಜ್ಜನ ಮುಖ ನೆನಪಾಗುತ್ತದೆ.

ಅಜ್ಜ ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಹಾಡು ಕಲಿಸುತ್ತಿದ್ದರು. ಊಟವಾದ ಮೇಲೆ ಜಮಖಾನೆ ಹಾಸಿ ತಂಬೂರಿಯ ಗವಸು ಬಿಚ್ಚಿದರೆಂದರೆ ಮನೆಯವರೆಲ್ಲ ಬೆಕ್ಕಿನ ಹೆಜ್ಜೆ ಇಡಬೇಕು. ಅಜ್ಜಿ ಅಡುಗೆಮನೆಯ ಹೊಸ್ತಿಲಲ್ಲಿ ಮೊರ ಇಟ್ಟುಕೊಂಡು ಜೋಳ ಹಸನು ಮಾಡುತ್ತಿದ್ದಳು, ಅವಳ ಕೈ ನಡುನಡುವೆ ನಿಲ್ಲುತ್ತಿತ್ತು. ಜೋಳದ ಧೂಳಿನ ವಾಸನೆ, ಊದಿನಕಡ್ಡಿಯ ವಾಸನೆ, ತಂಬೂರಿಯ ಗುಂಯ್‌ಗುಡುವಿಕೆ ಮೂರೂ ಸೇರಿ ಮಧ್ಯಾಹ್ನ ಅನ್ನುವುದು ಆಗುತ್ತಿತ್ತು. ಹಿಂದೆಲ್ಲ ಅಜ್ಜ ಕಣ್ಣು ಮುಚ್ಚಿಯೇ ಕೇಳುತ್ತಿದ್ದರಂತೆ. ನನಗೆ ಬುದ್ಧಿ ಬರುವಷ್ಟರಲ್ಲಿ ಕಣ್ಣು ತೆರೆದು, ಹೊಸ್ತಿಲ ಕಡೆ ನೋಡುತ್ತ ಕೂಡುವ ರೂಢಿಯಾಗಿತ್ತು. ಶಿಷ್ಯರ ಸ್ವರ ಎಳೆಯಷ್ಟು ಇಳಿದರೂ ಕೈ ಎತ್ತಿ, "ಮತ್ತೊಮ್ಮೆ" ಅನ್ನುತ್ತಿದ್ದರು. ಮುಪ್ಪಿನಲ್ಲಿ ಹೆಂಡತಿಯ ಮೇಲೆ ಪ್ರೀತಿ ಉಕ್ಕಿದೆ ಎಂದು ಅವ್ವ ಮುಸಿಮುಸಿ ನಗುತ್ತಿದ್ದಳು. ಅಜ್ಜಿ ನಗುತ್ತಿರಲಿಲ್ಲ.

ಅಪ್ಪನ ತಮ್ಮ, ನಮ್ಮ ಕಾಕಾ, ಕಾಲೇಜೊಂದರ ಪ್ರಯೋಗಶಾಲೆಯಲ್ಲಿದ್ದ. ಬಿಡಿಭಾಗ ಕೂಡಿಸಿ ಕಂಪ್ಯೂಟರ್ ಮಾಡಿ, ಪುಕ್ಕಟೆ ಸಿಕ್ಕ ಲಿನಕ್ಸ್ ಎಂಬ ತಂತ್ರಾಂಶ ಹಾಕಿ, ಫೋನು ಅಲ್ಲೇ ಇದ್ದುದರಿಂದ ಪಡಸಾಲೆಯ ಮೂಲೆಯಲ್ಲೇ ಅದನ್ನು ಪ್ರತಿಷ್ಠಾಪಿಸಿದ. ಫೋನಿನ ತಂತಿಯಿಂದ ಇಂಟರ್ನೆಟ್ ತರುವ ಒಳಗಿನ ಮೋಡೆಮ್ ಮಾತ್ರ ಅವನ ಜೀವ ಹಿಂಡಿತು. "ಇದಕ್ಕ ಸ್ವಂತ ಬುದ್ಧಿ ಇಲ್ಲವ್ವಾ," ಅಂತ ನನಗೆ ತಿಳಿಸಿ ಹೇಳಿದ. "ಕಂಪ್ಯೂಟರಿನ ಬುದ್ಧಿ ಕಡಾ ತಗೊಂಡ ಇದು ಕೇಳಬೇಕು, ಮಾತಾಡಬೇಕು. ನಡುವ ಡ್ರೈವರ್ ಅಂತ ಒಂದು ಬೇಕು. ಅದಿಲ್ಲಂದ್ರ ಇದು ಕಿವುಡು, ಮೂಕ." ಲಿನಕ್ಸಿಗೆ ಹೊಂದುವ ಆ ಡ್ರೈವರ್ ಇಂಟರ್ನೆಟ್ಟಿನಲ್ಲೇ ಸಿಗಬೇಕು, ಇಂಟರ್ನೆಟ್ ಬರಲು ಡ್ರೈವರ್ ಬೇಕು. ಹುಚ್ಚು ಬಿಡುವ ತನಕ ಮದುವೆಯಾಗುವುದಿಲ್ಲ, ಮದುವೆಯಾಗುವ ತನಕ ಹುಚ್ಚು ಬಿಡುವುದಿಲ್ಲ. ಕಾಕಾ ಹುಬ್ಬಳ್ಳಿಯ ಬ್ರೌಸಿಂಗ್ ಸೆಂಟರಿಗೆ ಬಸ್ಸು ಹತ್ತಿ, ಫ್ಲಾಪಿಯಲ್ಲಿ ತುಂಬಿಸಿಕೊಂಡು ಬಂದು ಹಾಕಿ ನೋಡುತ್ತಿದ್ದ. ಅದು ನಮ್ಮ ಲಿನಕ್ಸಿನದಲ್ಲ, ಬೇರೆ ಆವೃತ್ತಿಯದು ಎಂದು ಗೊತ್ತಾಗಿ ತಲೆಯ ಮೇಲೆ ಕೈ ಹೊತ್ತು ಕೂಡುತ್ತಿದ್ದ.

ಅಜ್ಜನಿಗೆ ಈ ಕೆಲಸದ ಮೇಲೆ ವಿಪರೀತ ಕುತೂಹಲ. ಕೂಡಿಬಂದರೆ ಅದು ಮನೆ ತುಂಬ ಒದರುತ್ತದೆ ಎಂದು ಕಾಕಾ ಎಚ್ಚರಿಸಿದ್ದಕ್ಕೆ, "ಅದು ಒದರೂದು ಯಾಕೋ?" ಎಂದು ಕೇಳಿದ್ದರು. ಆ ಕಡೆಯ ಯಂತ್ರವೂ ಈ ಕಡೆಯದೂ ಮೊದಲು ಶ್ರುತಿ ಕೂಡಿಸಿಕೊಳ್ಳುತ್ತವೆ, ಆಮೇಲೆಯೇ ಮಾತು ಎಂದು ಕಾಕಾ ಹೇಳಿದಾಗ ಅವರ ಮುಖ ಅರಳಿತು. "ಹಂಗಾದ್ರ ನಾ ಅದನ್ನ ಕೇಳಬೇಕು," ಅಂದರು. ಹೊಸ್ತಿಲಲ್ಲಿದ್ದ ಅಜ್ಜಿಯ ಮೊರ ನಿಂತಿತು. ಆವತ್ತಿನಿಂದ ಅವಳಿಗೆ ಆ ಮೂಲೆ ಕಂಡರಾಗದು. ಫೋನಿನ ವೈರು ಎರಡು ಸಲ ಕಿತ್ತು ಬಿದ್ದಿತ್ತು, ಕಸ ಹೊಡೆಯುವಾಗ ಆಯಿತು ಅಂದಳು. ಕಾಕಾನನ್ನು ಹಿತ್ತಲಿಗೆ ಕರೆದು, "ಹಚ್ಚೂದಿದ್ರ ನಾ ಮನ್ಯಾಗಿದ್ದಾಗ ಹಚ್ಚಪಾ. ನಾ ಇಲ್ಲದಾಗ ಬ್ಯಾಡ," ಎಂದು ಹೇಳಿದ್ದು ನನ್ನ ಕಿವಿಗೂ ಬಿತ್ತು. ಅಜ್ಜಿಗೆ ಏನೋ ಅಪಶಕುನದ ಭ್ರಮೆ ಎಂದು ಕಾಕಾ ನಕ್ಕ.

ಒಂದು ಶನಿವಾರ ಸಂಜೆ ಅಜ್ಜಿ ಹನುಮಪ್ಪನ ಗುಡಿಗೆ ಹೋದಾಗ ಡ್ರೈವರ್ ಕೂಡಿಬಂತು. ಪರದೆಯ ಮೇಲೆ ಅಕ್ಷರಗಳು ಸಾಲುಸಾಲಾಗಿ ಓಡಿ ನಿಂತವು, ಮೋಡೆಮ್ ಸಿಕ್ಕಿದೆ ಎಂದವು. ಅಷ್ಟು ದಿನ ಒದ್ದಾಡಿದವನು ಇನ್ನೊಂದು ತಾಸು ಎಲ್ಲಿ ಕಾಯುತ್ತಾನೆ? "ಅಪ್ಪಾ, ಬರ್ರಿ ಲಗೂ," ಎಂದು ಕೂಗಿದ. ಅಜ್ಜ ಬಂದು ಸ್ಪೀಕರಿನ ಮುಂದೆ ಚಕ್ಕಂಬಕ್ಕಳ ಹಾಕಿ ಕೂತು, ಒಳ್ಳೆಯ ಹಾಡು ಕೇಳಲು ಕೂತವರ ಹಾಗೆ, ಬಹಳ ದಿನಗಳ ಮೇಲೆ ಕಣ್ಣು ಮುಚ್ಚಿದರು. ಫೋನಿನ ಮೊದಲ ಗುಂಯ್ ಕೇಳಿದಾಗ ಅದಕ್ಕೆ ದನಿ ಕೂಡಿಸಿ ನಕ್ಕರು. ನಂಬರು ಒತ್ತಿದ ಸದ್ದಾಯಿತು. ಆಮೇಲೆ ಆ ಸಿಳ್ಳೆ, ಆ ಚರಚರ. ನಾನು ಎರಡೂ ಕಿವಿ ಮುಚ್ಚಿಕೊಂಡೆ. ಸದ್ದು ನಿಂತಿತು, ಇಂಟರ್ನೆಟ್ ಬಂತು. ಅಜ್ಜ ಇನ್ನೂ ಕಣ್ಣು ಮುಚ್ಚಿಯೇ ಕೂತಿದ್ದರು.

"ಯಾಕೋ, ಇನ್ನೂ ಒದರವಲ್ದಲ್ಲಾ?"

ಕಾಕಾ ಸಂಪರ್ಕ ಕಡಿದು ಮತ್ತೆ ಹಚ್ಚಿದ. ಈ ಸಲ ಅವನ ಕಣ್ಣು ಪರದೆಯ ಮೇಲಿರಲಿಲ್ಲ, ಅಜ್ಜನ ಮುಖದ ಮೇಲಿತ್ತು. ಯಂತ್ರ ಮನೆಯೆಲ್ಲ ತುಂಬುವಂತೆ ಕಿರುಚಿತು, ಆ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಆಮೇಲೆ ಅಜ್ಜ ತಾವೇ ಕಣ್ಣು ತೆರೆದು, "ಮತ್ತೊಮ್ಮೆ," ಅಂದರು. ಮೂರನೆಯ ಸಲ ಅವರು ಯಂತ್ರದ ಕಡೆ ನೋಡಲಿಲ್ಲ. ನನ್ನ ಕೈಗಳನ್ನು ನೋಡುತ್ತಿದ್ದರು. ಅವು ಕಿವಿಗೆ ಹೋದದ್ದನ್ನು ನೋಡಿದರು, ಕೆಳಗಿಳಿದದ್ದನ್ನೂ ನೋಡಿದರು.

ಅಜ್ಜಿ ಕುಂಕುಮದ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ನಾ ಬರೂತನಕಾ ತಡೀಬಾರದಿತ್ತೇನೋ," ಎಂದಷ್ಟೇ ಕಾಕಾನಿಗೆ ಹೇಳಿದಳು. ಅಜ್ಜ ಎದ್ದು ತಂಬೂರಿಗೆ ಗವಸು ಹಾಕಿದರು. "ಮ್ಯಾಲಿನ ಸ್ವರಕ್ಕ ಕಿವಿ ಇಷ್ಟು ಹೋಗೇತಿ ಅಂತ ನನಗೂ ಗೊತ್ತಿರಲಿಲ್ಲ. ಕೇಳಿಸದಾಂವ ಕಲಿಸಬಾರದು," ಅಂದರು. ಹೊಸ್ತಿಲಲ್ಲಿ ಜೋಳ ಹಸನು ಮಾಡುವ ಕೈ ಶಿಷ್ಯರ ಸ್ವರ ಇಳಿದಾಗ ಯಾಕೆ ನಿಲ್ಲುತ್ತಿತ್ತು, ಅದು ನಿಂತಾಗಲೇ ಅಜ್ಜ ಯಾಕೆ ಕೈ ಎತ್ತುತ್ತಿದ್ದರು ಎಂಬುದು ನನಗೆ ಆಗ ತಿಳಿಯಿತು. ಶಿಷ್ಯರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಮೋಡೆಮ್ ಮಾತ್ರ ಛಲೋ ಇತ್ತು, ಆದರೆ ಕಾಕಾ ಮತ್ತೆ ಅದನ್ನು ಮುಟ್ಟಲಿಲ್ಲ.

ಆ ಮನೆ ಈಗಿಲ್ಲ, ಅದರ ಜಾಗದಲ್ಲಿ ಮೊಬೈಲ್ ಅಂಗಡಿಗಳಿವೆ. ಅಜ್ಜ ಅಜ್ಜಿ ಇಬ್ಬರೂ ಹೋದರು. ನನ್ನ ಕಣ್ಣಿಗೆ ಕಟ್ಟಿರುವುದು ಪಾಠ ನಿಂತ ಮೇಲಿನ ಮಧ್ಯಾಹ್ನಗಳು. ಅಜ್ಜಿ ಅದೇ ಹೊಸ್ತಿಲಲ್ಲಿ ಮೊರ ಹಿಡಿದು ಕೂತಿರುತ್ತಿದ್ದಳು, ಅಜ್ಜ ಗೋಡೆಗೆ ಒರಗಿ ಅವಳ ಕಡೆ ನೋಡುತ್ತಿದ್ದರು. ಮನೆಯಲ್ಲಿ ಯಾರೂ ಹಾಡುತ್ತಿರಲಿಲ್ಲ. ಜೋಳದಲ್ಲಿ ಹರಳು ಕಂಡು ಅವಳ ಕೈ ಒಮ್ಮೊಮ್ಮೆ ನಿಲ್ಲುತ್ತಿತ್ತು. ಆಗ ಅಜ್ಜನ ಕೈ ತಾನಾಗಿ ಮೇಲೇಳುತ್ತಿತ್ತು, ಎದುರಿನ ಖಾಲಿ ಜಮಖಾನೆ ನೋಡಿ ಮೆಲ್ಲಗೆ ತೊಡೆಯ ಮೇಲೆ ಬಂದು ಕೂಡುತ್ತಿತ್ತು.