ಅರ್ಧ ಗಂಟೆಯ ಜಾಡಿ

ಪಾಂಡವಪುರದ ಬಳಿ ಕೊಳಚೆ ನೀರಿನ ಘಟಕವೊಂದರಲ್ಲಿ ನನಗೆ ಕೆಲಸ ಕಲಿಸಿದ ಹಿರಿಯ ಆಪರೇಟರು, ದಿನಾ ಬೆಳಿಗ್ಗೆ ಗಾಳಿ ಊದುವ ತೊಟ್ಟಿಯ ಕಂದು ನೀರನ್ನು ಗಾಜಿನ ಜಾಡಿಗೆ ತುಂಬಿ, ಕೆಸರು ತಳ ಸೇರುವುದನ್ನೇ ನೋಡುತ್ತ ಕೂರುತ್ತಿದ್ದರು. ಯಾರು ಏನೇ ಕೇಳಲಿ, ‘ಅರ್ಧ ಗಂಟೆ ಸುಮ್ಕಿರ್ಲಾ, ಎಲ್ಲಾ ತಳಕ್ಕೆ ಕುಂತ್ಕತದೆ’ ಅನ್ನುವರು. ಎಂಜಿನಿಯರು ರೇಗಿದರೂ ಅದೇ ಮಾತು, ‘ಲಾ’ ಬದಲು ‘ಸಾ’ ಅಷ್ಟೇ.

ಹಳಬರಿಗೂ ಕಡ್ಡಾಯವಾದ ಆಪರೇಟರ್ ಲೈಸೆನ್ಸಿನ ಮೌಖಿಕ ಪರೀಕ್ಷೆಗೆ ನನ್ನೊಡನೆ ಹೊರಟಾಗಲೂ ಜಾಡಿ ಹಿಡಿದೇ ಬಂದರು. ಒಬ್ಬೊಬ್ಬರಿಗೆ ಅರ್ಧ ಗಂಟೆ. ‘ಕೆಸರು ಸರಿಯಾಗಿ ಕೂರುತ್ತಿದೆಯೆಂದು ಹೇಗೆ ತಿಳಿಯುತ್ತೀರಿ?’ ಪರೀಕ್ಷಕರ ಮೊದಲ ಪ್ರಶ್ನೆ. ಇವರು ಜಾಡಿಯನ್ನು ಮೇಜಿನ ಮೇಲಿಟ್ಟು, ‘ಅರ್ಧ ಗಂಟೆ ಸುಮ್ಕಿರಿ ಸಾ, ಮಾತಾಡುದ್ರೆ ಕದಡೋಯ್ತದೆ’ ಅಂದರಂತೆ. ಕೆಸರು ಕೂತಿತು, ಸಮಯವೂ ಮುಗಿಯಿತು. ಪಾಸು.

ಮುಂದಿನ ಸರದಿ ನನ್ನದು. ಹೊರಬಂದವರೇ ಜಾಡಿಯನ್ನು ನನ್ನ ಕೈಗಿಟ್ಟರು: ‘ಚೆನ್ನಾಗಿ ಕುಲುಕ್ಬುಟ್ಟು ಒಳಕ್ಕೋಗ್ಲಾ.’