ಸಣ್ಣಣ್ಣ ಕೊಡಿಸಿದ ಬೋಟು

ನನಗೆ ಇಬ್ಬರು ಅಣ್ಣಂದಿರು. ದೊಡ್ಡಣ್ಣ ಮುರ್ಡೇಶ್ವರದಲ್ಲಿ ಮೀನು ಹಿಡಿಯುತ್ತಿದ್ದ. ಸಣ್ಣಣ್ಣ ಬೊಂಬಾಯಿಯಲ್ಲಿ ಫುಟ್‌ಬಾಲ್ ಆಡುತ್ತಿದ್ದ. ಚೆಂಡು ಒದ್ದರೆ ಸಂಬಳ ಕೊಡುತ್ತಾರೆ ಎಂಬುದನ್ನು ಎಪ್ಪತ್ತರ ದಶಕದಲ್ಲಿ ನಮ್ಮ ಕೇರಿಯವರು ನಂಬುತ್ತಿರಲಿಲ್ಲ. ಅವ್ವ ಮೀನು ಬುಟ್ಟಿ ಹೊತ್ತು ಕಾಯ್ಕಿಣಿಯ ಕಡೆ ಹೋದಾಗ ಸಣ್ಣ ಮಗನಿಗೆ ಎಂತ ಕೆಲಸ ಎಂದು ಯಾರಾದರೂ ಕೇಳಿದರೆ, ಕಂಪನಿಯಲ್ಲಿ ಎಂದಷ್ಟೇ ಹೇಳಿ ಬುಟ್ಟಿ ಇಳಿಸುತ್ತಿದ್ದಳು.

ಅಪ್ಪ ಬೇಗ ತೀರಿಕೊಂಡಿದ್ದ. ದೊಡ್ಡಣ್ಣ ಶಾಲೆ ಬಿಟ್ಟು ದೋಣಿ ಹತ್ತಿದ್ದರಿಂದಲೇ ನಾವಿಬ್ಬರು ಓದಿದ್ದು. ಸಣ್ಣಣ್ಣ ಆಟ ಕಲಿತದ್ದು ಸಮುದ್ರದ ನೀರು ಇಳಿದಾಗ ಗಟ್ಟಿಯಾಗುವ ಮರಳಿನ ಮೇಲೆ, ನಮ್ಮ ಹೊಯಿಗೆಯ ಮೇಲೆ, ಬರಿಗಾಲಲ್ಲಿ. ಭಟ್ಕಳದ ಹೈಸ್ಕೂಲಿಗೆ ಹೋದ ಮೇಲೆ ನವಾಯತ ಮುಸ್ಲಿಂ ಹುಡುಗರ ಜೊತೆ ಮೈದಾನದಲ್ಲಿ ಆಡತೊಡಗಿದ. ಅವರಲ್ಲೊಬ್ಬನ ಮಾವನಿಗೆ ಬೊಂಬಾಯಿಯಲ್ಲಿ ಬಟ್ಟೆ ಅಂಗಡಿ ಇತ್ತು. ಆ ಪುಣ್ಯಾತ್ಮರು ಇವನ ಆಟ ನೋಡಿ, ತಮ್ಮ ಮನೆಯಲ್ಲೇ ಇಟ್ಟುಕೊಂಡು, ಒಂದು ಕಂಪನಿಯ ತಂಡಕ್ಕೆ ಸೇರಿಸಿದರು. ಬೆಳಿಗ್ಗೆ ಆಫೀಸಿಗೆ ಹೋಗಿ ಹಾಜರಿ ಹಾಕುವುದು, ಆಮೇಲೆ ಮೈದಾನ. ಅದೇ ಅವನ ನೌಕರಿ.

ಬೊಂಬಾಯಿಯಲ್ಲಿ ಪಂದ್ಯಗಳು ನಡೆಯುವುದು ಮಳೆಗಾಲದಲ್ಲಿ. ನಮ್ಮಲ್ಲಿ ದೋಣಿಗಳನ್ನು ದಡಕ್ಕೆಳೆದು ತೆಂಗಿನ ಗರಿ ಹೊದಿಸುವ ಹೊತ್ತಿಗೆ ಅವನ ಆಟ ಶುರು. ಮನೆಯಲ್ಲಿ ಒಣಮೀನು, ಗಂಜಿಯಲ್ಲಿ ದಿನ ಕಳೆಯುವ ಆ ತಿಂಗಳುಗಳಲ್ಲೇ ಅವನ ಮನಿಯಾರ್ಡರ್ ಬರುತ್ತಿತ್ತು. ದೊಡ್ಡಣ್ಣ ಸಹಿ ಹಾಕಿ ತೆಗೆದುಕೊಂಡು, ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದ.

ಕೆಲವು ವರ್ಷ ಸಣ್ಣಣ್ಣನಿಗೆ ಬಹಳ ಒಳ್ಳೆಯದಾಯಿತು. ಇನ್ನೊಂದು ಕಂಪನಿ ಹೆಚ್ಚು ಹಣ ಕೊಟ್ಟು ಅವನನ್ನು ಕರೆದುಕೊಂಡಿತು. ಸೋಗೆ ಮನೆ ಹೆಂಚಿನ ಮನೆಯಾಯಿತು. ನನ್ನನ್ನು ಕುಮಟೆಗೆ ಮದುವೆ ಮಾಡಿ ಕೊಟ್ಟದ್ದೂ ಅವನೇ. ರಜೆಗೆ ಬಂದರೆ ಬಸ್ಸಿಳಿಯುವಲ್ಲಿಂದಲೇ ಜನ ಹಿಂದೆ ಬೀಳುತ್ತಿದ್ದರು. ಒಬ್ಬರಿಗೆ ಬಲೆಗೆ ಹಣ ಬೇಕು, ಇನ್ನೊಬ್ಬರಿಗೆ ಮಗಳ ಮದುವೆಗೆ. ಇಲ್ಲ ಎನ್ನುವುದು ಅವನಿಗೆ ಬರುತ್ತಲೇ ಇರಲಿಲ್ಲ.

ಆಗಷ್ಟೇ ನಮ್ಮ ಕಡೆ ಯಂತ್ರದ ಬೋಟುಗಳು ಬರುತ್ತಿದ್ದವು. ಅಣ್ಣನಿಗೊಂದು ಬೋಟು ಮಾಡಿಸಿ ಕೊಡಬೇಕೆಂಬ ಹಟ ಸಣ್ಣಣ್ಣನಿಗೆ. ದೊಡ್ಡಣ್ಣ ಒಪ್ಪಲಿಲ್ಲ. ಜಗಲಿಯಲ್ಲಿ ಬಲೆ ಹೊಲಿಯುತ್ತಾ, ತಲೆ ಎತ್ತದೆ ಹೇಳಿದ:

"ನಂಗೆ ಈ ದೋಣಿ ಸಾಕು ಮಾರಾಯ. ಯಂತ್ರ ಬಂದ್ರೆ ಮನಸು ದೂರ ದೂರ ಹೋತದೆ."

"ನಿನ್ನ ಬೆನ್ನು ನೋಡ್ಕಂಡಿದ್ಯ? ಹುಟ್ಟು ಹಾಕಿ ಹಾಕಿ ಬಾಗಿ ಹೋಗದೆ," ಎಂದ ಸಣ್ಣಣ್ಣ. "ನೀ ಶಾಲೆ ಬಿಟ್ಟದ್ದಕ್ಕೆ ನಾ ಇಷ್ಟಾದ್ರೂ ಮಾಡೂದು ಬೇಡ್ವ?"

ಆ ಮಾತಿಗೆ ದೊಡ್ಡಣ್ಣ ಸೋತ. ಬೋಟು ಬಂತು. ಅದನ್ನು ಮೊದಲು ನೀರಿಗಿಳಿಸಿದ ದಿನ ಅವ್ವ ಬೋಟಿನ ಮೂತಿಗೆ ಅರಿಶಿನ ಕುಂಕುಮ ಹಚ್ಚಿ, ಸಣ್ಣ ಮಗ ಫುಟ್‌ಬಾಲ್ ಆಡುತ್ತಾನೆ ಎಂದು ಮೊದಲ ಸಲ ಎಲ್ಲರೆದುರು ಬಾಯಿಬಿಟ್ಟು ಹೇಳಿದಳು.

ಮುಂದಿನ ಮಳೆಗಾಲದಲ್ಲಿ ಕೆಸರು ಮೈದಾನದಲ್ಲಿ ಅವನ ಮೊಣಕಾಲು ತಿರುಚಿತು. ಎದುರಿನವನ ತಪ್ಪಿರಲಿಲ್ಲವಂತೆ, ಕಾಲು ಕೆಸರಲ್ಲಿ ಹೂತಿತ್ತು, ಮೈ ಮಾತ್ರ ತಿರುಗಿತು. ಆಪರೇಷನ್ ಆಯಿತು, ಕಾಲು ಮೊದಲಿನಂತಾಗಲಿಲ್ಲ. ಕಂಪನಿಯವರು ಗೋದಾಮಿನಲ್ಲಿ ಕೆಲಸ ಕೊಟ್ಟರು. ಅವನ ಜಾಗದಲ್ಲಿ ಆಡುವ ಹುಡುಗರು ಹೋಗುತ್ತಾ ಬರುತ್ತಾ ನಮಸ್ಕಾರ ಮಾಡುವುದನ್ನು ನೋಡಲಾಗದೆ ಅವನೇ ರಾಜೀನಾಮೆ ಕೊಟ್ಟ. ಕೈಗೆ ಬಂದದ್ದನ್ನೆಲ್ಲ ಬೋಟಿಗೆ ಇನ್ನೂ ದೊಡ್ಡ ಯಂತ್ರ ಹಾಕಿಸಲು ಸುರಿದು, ಕುಂಟುತ್ತಾ ಊರಿಗೆ ಬಂದ. ಆಗ ಅವನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಮುಗಿದ ಆಟಗಾರನಂತೆ ಅವನು ಮಾತಾಡಲಿಲ್ಲ. ಬೋಟು ಇದೆಯಲ್ಲ, ಇನ್ನು ಅಣ್ಣನ ಜೊತೆಗೇ ಇರುತ್ತೇನೆ ಎಂದು ನನ್ನ ಮನೆಯಲ್ಲಿ ಕೂತು ಸಂತೋಷದಿಂದ ಹೇಳಿದ್ದ.

ಆ ವರ್ಷದ ಮೀನುಗಾರಿಕೆ ಮುಗಿಯುವ ದಿನಗಳಲ್ಲಿ, ಒಂದು ಸಂಜೆ, ನಮ್ಮ ಬೋಟು ಕಟ್ಟುತ್ತಿದ್ದ ಹೊನ್ನಾವರ ಬಂದರಿನ ಅಳಿವೆಯಲ್ಲಿ ಅದು ಮಗುಚಿತು. ಹೊಳೆ ಸಮುದ್ರ ಸೇರುವ ಆ ಬಾಯಲ್ಲಿ ಹೊಯಿಗೆಯ ದಿಣ್ಣೆ ಜಾಗ ಬದಲಿಸುತ್ತಲೇ ಇರುತ್ತದೆ. ಅಡಿ ಹೊಯಿಗೆಗೆ ತಾಗಿ ನಿಂತ ಬೋಟಿಗೆ ಹಿಂದಿನಿಂದ ತೆರೆ ಹೊಡೆಯಿತು. ಉಳಿದವರು ಈಜಿ ದಡ ಸೇರಿದರು. ದೊಡ್ಡಣ್ಣ ಯಂತ್ರ ನೋಡಲು ಕೆಳಗಿಳಿದಿದ್ದ. ಮೀನು ಇಳಿಸಿಕೊಳ್ಳಲು ಬಂದರಿನಲ್ಲಿ ಕಾಯುತ್ತಿದ್ದ ಸಣ್ಣಣ್ಣ ದಡದಿಂದಲೇ ಎಲ್ಲ ನೋಡಿದ. ನೀರಿಗೆ ಹಾರಿದವನನ್ನು ನಾಲ್ಕು ಜನ ಹಿಡಿದು ಎಳೆದು ತಂದರಂತೆ. ಆ ಕಾಲಿನಲ್ಲಿ ಅವನು ಈಜುವ ಹಾಗಿರಲಿಲ್ಲ.

ನಾನು ಕುಮಟೆಯಿಂದ ಹೋಗುವಷ್ಟರಲ್ಲಿ ಹೆಣ ಮನೆಗೆ ಬಂದಿತ್ತು. ಅವ್ವ ಅಳುತ್ತಿರಲಿಲ್ಲ. ಸಣ್ಣಣ್ಣ ಅವಳ ಕಾಲ ಬಳಿ ಕೂತಿದ್ದ. ಅವನ ಕಡೆ ನೋಡದೆ ಅವ್ವ ಹೇಳಿದಳು:

"ಅಂವ ಬೇಡ ಅಂದಿದ್ದ."

ಅಷ್ಟೇ. ಬಯ್ಯಲಿಲ್ಲ, ಶಪಿಸಲಿಲ್ಲ. ಆದರೆ ಆಮೇಲೆ ಅವಳು ಅವನನ್ನು ಕರೆಯುವುದನ್ನೇ ಬಿಟ್ಟಳು. ಊಟ ಬಡಿಸುತ್ತಿದ್ದಳು, ಮಾತಿಲ್ಲ. ಸಣ್ಣಣ್ಣ ಮನೆಯನ್ನು ದೊಡ್ಡಣ್ಣನ ಹೆಂಡತಿ ಮತ್ತು ಮಗಳ ಹೆಸರಿಗೆ ಮಾಡಿಸಿದ. ನೀರಿನಿಂದ ಎತ್ತಿ ತಂದ ಬೋಟಿನ ಯಂತ್ರ ಮಾರಿ ಬಂದದ್ದನ್ನೂ ಅವರಿಗೇ ಕೊಟ್ಟು, ಹೊನ್ನಾವರದ ಒಂದು ಐಸ್ ಫ್ಯಾಕ್ಟರಿಯಲ್ಲಿ ಕೂಲಿಗೆ ಸೇರಿದ. ಮದುವೆಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದ. ಅವನ ಹೆಸರಲ್ಲಿ ಬೊಂಬಾಯಿಯ ಬ್ಯಾಂಕಿನಲ್ಲಿ ಎಷ್ಟೋ ಹಣ ಇದೆ, ಜಿಪುಣತನಕ್ಕೆ ಮಂಜುಗಡ್ಡೆ ಒಡೆಯುತ್ತಿದ್ದಾನೆ ಎಂದು ಊರು ಆಡಿಕೊಂಡಿತು. ನನ್ನ ಗಂಡ ಒಮ್ಮೆ ರೇಗಿ, ಆ ಮಾತಿಗೆ ನೀವು ಯಾಕೆ ಉತ್ತರ ಕೊಡುವುದಿಲ್ಲ ಎಂದು ಕೇಳಿದರು. "ಇದೆ ಅಂದ್ಕಳ್ಳಿ ಬಿಡಿ ಭಾವ," ಎಂದು ಅವನು ನಕ್ಕ. ಆ ನಗು ನೋಡಿ ನಾನು ಒಳಗೆ ಹೋದೆ.

ಕೊನೆಗಾಲದಲ್ಲಿ ಅವ್ವ ನನ್ನ ಮನೆಯಲ್ಲಿದ್ದಳು. ಕಣ್ಣು ಹೋಗಿತ್ತು, ನೆನಪೂ ಕಲಸಿತ್ತು. ಸಣ್ಣಣ್ಣ ರಜೆ ಸಿಕ್ಕಾಗೆಲ್ಲ ಹೊನ್ನಾವರದಿಂದ ಬಂದು, ಅವಳ ಮಂಚದ ಹತ್ತಿರ ಮಾತಿಲ್ಲದೆ ಕೂತು ಹೋಗುತ್ತಿದ್ದ. ಒಂದು ಮಧ್ಯಾಹ್ನ ನಾನು ಗಂಜಿ ಕುಡಿಸುವಾಗ ಅವಳು ಅವನ ಕೈ ಸವರಿದಳು. ಐಸ್ ಒಡೆದು ಒಡೆದು ಆ ಕೈ ಒರಟಾಗಿತ್ತು.

"ದೊಡ್ಡ, ಬಂದ್ಯ?" ಎಂದಳು.

ನಾನು ಬಾಯಿ ತೆರೆದೆ. ಸಣ್ಣಣ್ಣ ಬೇಡವೆಂದು ತಲೆಯಾಡಿಸಿದ.

"ಬಂದೆ ಅವ್ವ."

"ಸಣ್ಣವ ಬರಲಿಲ್ವ?"

"ಇಲ್ಲ ಅವ್ವ. ಬೊಂಬಾಯಲ್ಲಿ ಆಟ ಇದೆಯಂತೆ."

ಅವ್ವ ಆ ಕೈಯನ್ನು ಎದೆಗೆ ಒತ್ತಿಕೊಂಡು, "ಅವ್ನ ಹತ್ರ ನಾ ಮಾತೇ ಆಡ್ಲಿಲ್ಲ ನೋಡು," ಎಂದಳು. "ಪಾಪ. ನೀನಾದ್ರೂ ಹೇಳು ಅವಂಗೆ."

"ಆತು ಅವ್ವ. ಹೇಳ್ತೆ."

ಅವನು ಹಿತ್ತಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಕೂತ. ನಾನು ನೀರು ತೆಗೆದುಕೊಂಡು ಹೋದಾಗ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಸದ್ದಿಲ್ಲದೆ, ಇಡೀ ಮೈ ಅಲುಗುವ ಹಾಗೆ ಅಳುತ್ತಿದ್ದ. ಚೊಂಬನ್ನು ಪಕ್ಕದಲ್ಲಿಟ್ಟು ನಾನೂ ಕೂತೆ.

ಅದೇ ವಾರ ಅವ್ವ ಹೋದಳು. ಕೊಳ್ಳಿ ಇಟ್ಟದ್ದು ಅವನೇ, ಇನ್ಯಾರೂ ಇರಲಿಲ್ಲ. ಕಾರ್ಯ ಮುಗಿದ ಮರುದಿನ ಮೊದಲ ಬಸ್ಸಿಗೆ ಹೊರಟು ನಿಂತ. ಇನ್ನೆರಡು ದಿನ ಇರು ಅಣ್ಣ ಎಂದೆ. ಬೋಟುಗಳು ಬರುವ ಸಮಯ, ಐಸ್ ಬೇಕಾಗುತ್ತದೆ ಎಂದು ಹೇಳಿ ಚಪ್ಪಲಿ ಮೆಟ್ಟಿದ.