ಬೀಗರ ಮನೆಯಲ್ಲಿ ಊಲಾಂಗ್ ಚಹಾ

ನಮ್ಮ ಕಡೆ ಮನೆಗೆ ಬಂದವರು ಚಹಾ ಬೇಡವೆಂದರೆ ಮನೆಯವರ ಮುಖ ಸಣ್ಣದಾಗುತ್ತದೆ. ನೀವು ಎದುರು ಮನೆಯಲ್ಲಿ ಈಗಷ್ಟೇ ಕುಡಿದು ಬಂದಿರಬಹುದು, ಅದೆಲ್ಲ ಲೆಕ್ಕಕ್ಕಿಲ್ಲ. ಅರ್ಧ ಕಪ್ಪಾದರೂ ಗಂಟಲಿಗಿಳಿಸದೆ ಹೊಸ್ತಿಲು ದಾಟುವಂತಿಲ್ಲ. ಗಟ್ಟಿ ಹಾಲು, ಧಾರಾಳ ಸಕ್ಕರೆ, ಜಜ್ಜಿದ ಶುಂಠಿ ಬಿದ್ದು ಉಕ್ಕಿ, ಇಳಿದು, ಮತ್ತೆ ಉಕ್ಕಿದರೇ ಅದು ಚಹಾ. ಇಂಥ ದಾವಣಗೆರೆಯಲ್ಲಿ ಹುಟ್ಟಿ ಬೆಳೆದ ನನಗೆ ಡಾಕ್ಟರು ಹಾಲು ಬಿಡಿ ಎಂದಾಗ, ಹೊಟ್ಟೆಗಿಂತ ಹೆಚ್ಚು ಚಿಂತೆ ಹತ್ತಿದ್ದು ಹರಿಹರದ ಬೀಗರ ಮನೆಯದು.

ಮಗಳು ಸುಮಾಳನ್ನು ಆ ಮನೆಗೆ ಕೊಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಹುಡುಗಿ. ಅಲ್ಲಿ ನಿಜಕ್ಕೂ ಸುಖವಾಗಿದ್ದಾಳೆಯೇ ಎಂಬುದಷ್ಟೇ ನನಗೆ ತಿಳಿಯಬೇಕಿತ್ತು. ಕೇಳಿದರೆ "ಆರಾಮಿದೀನಪ್ಪ" ಎನ್ನುತ್ತಾಳೆ, ಎಲ್ಲ ಹೆಣ್ಣುಮಕ್ಕಳೂ ಹಾಗೆಯೇ ಎನ್ನುತ್ತಾರೆ. ಹೋದಾಗಲೆಲ್ಲ ಬೀಗಿತ್ತಿ ಗಿರಿಜಮ್ಮನವರು ಚಹಾ ಕೊಟ್ಟು ಅಡುಗೆಮನೆ ಬಾಗಿಲಿಗೆ ಆತು ನಿಲ್ಲುವರು, ಅವರ ಬೆನ್ನ ಹಿಂದೆ ಸುಮಾ. ನಾನು ಕುಡಿದು ಲೋಟ ಕೆಳಗಿಟ್ಟರೆ ಭೇಟಿ ಮುಗಿಯಿತು.

ನಮ್ಮೂರಿನ ಕೆ.ಬಿ. ಬಡಾವಣೆಯಲ್ಲಿ ಚಹಾಪುಡಿ ಮಾರುವ ಗೆಳೆಯ ಸಾದಿಕ್ ನನ್ನ ಕಷ್ಟ ಕೇಳಿ ನಕ್ಕ. "ಹಾಲೇ ಬ್ಯಾಡದ ಚಾ ಐತೆ, ತಗೊಂಡ್ ಹೋಗು" ಎಂದು ಚೀನಾದ ಚಹಾಗಳ ಪುಟ್ಟ ಪೊಟ್ಟಣಗಳನ್ನು ಕೈಗಿಟ್ಟ. ಆಮೇಲೆ ಅವುಗಳ ಬಗ್ಗೆ ಓದುತ್ತ ಹೋದೆ ನೋಡಿ, ಬೆರಗಾಯಿತು. ಬಿಟ್ಟರೆ ಮರವಾಗಿ ಬೆಳೆಯುವ ಗಿಡವನ್ನು ಸವರಿ ಸವರಿ ಸೊಂಟದೆತ್ತರಕ್ಕೆ ನಿಲ್ಲಿಸಿ, ತುದಿಯ ಮೊಗ್ಗನ್ನೂ ಎಳೆಯ ಎಲೆಗಳನ್ನೂ ಚಿವುಟುತ್ತಾರಂತೆ. ಕೊಯ್ದ ಎಲೆಯನ್ನು ಬೇಗನೆ ಬಿಸಿಗೆ ಹಿಡಿದರೆ ಹಸಿರು ಚಹಾ; ಸುಮ್ಮನೆ ಬಾಡಿಸಿ ಒಣಗಿಸಿದರೆ ಬಿಳಿಯದು; ಬಾಡಿಸಿ, ಅಂಚು ನಲುಗಿಸಿ, ಅರ್ಧ ಮಾಗಿದಾಗ ತಡೆದರೆ ಊಲಾಂಗ್; ಪೂರ್ತಿ ಮಾಗಲು ಬಿಟ್ಟರೆ ನಾವು ಕಪ್ಪೆಂದೂ ಅವರು ಕೆಂಪೆಂದೂ ಕರೆಯುವ ಚಹಾ; ವರ್ಷಗಟ್ಟಲೆ ಇಟ್ಟು ಹಳತು ಮಾಡುವ ಪುಅರ್ ಬೇರೆ. ಗಿಡ ಒಂದೇ, ಎಲೆಯೂ ಹೆಚ್ಚುಕಡಿಮೆ ಒಂದೇ, ಕೊಯ್ದ ಮೇಲೆ ಯಾರ ಕೈಗೆ ಬಿತ್ತು ಎಂಬುದರ ಮೇಲೆ ಉಳಿದದ್ದೆಲ್ಲ. ಮಗಳನ್ನು ಕೊಟ್ಟ ಅಪ್ಪನಿಗೆ ಇದನ್ನು ಓದಿ ನಿದ್ದೆ ಬಂದೀತೇ?

ಮೊದಲು ಹಸಿರು ಚಹಾ ಒಯ್ದೆ. ಹಾಲು ಬೇಡವೆಂದು ಹೇಳಿಯೇ ಕೊಟ್ಟೆ. ಗಿರಿಜಮ್ಮ ಅದನ್ನು ಹಾಲು, ಸಕ್ಕರೆ, ಏಲಕ್ಕಿ ಹಾಕಿ ಮನಸಾರೆ ಕುದಿಸಿ ತಂದರು. "ಬೀಗ್ರಿಗೆ ಬರೇ ನೀರಾಗೆ ಚಾ ಕೊಟ್ರೆ ಕಂಡೋರು ಏನಂದಾರು? ಕುಡೀರಿ" ಎಂದರು. ಕೆಸರಿನ ಬಣ್ಣ, ಬೇವಿನ ಕಹಿ. ಕಣ್ಣು ಮುಚ್ಚಿ ಕುಡಿದೆ. ಹೊಟ್ಟೆ ಎರಡು ದಿನ ನನ್ನೊಡನೆ ಜಗಳವಾಡಿತು.

ಮುಂದಿನ ಸಲ ಊಲಾಂಗ್ ಒಯ್ದು, ಬಿಸಿನೀರನ್ನಷ್ಟೇ ಕೇಳಿದೆ. ಬೀಗರ ಅಡುಗೆಮನೆಗೆ ನುಗ್ಗುವಂತಿಲ್ಲ, ಹಾಗಾಗಿ ಪಡಸಾಲೆಯ ಚಾಪೆಯ ಮೇಲೇ ನನ್ನ ಅಂಗಡಿ ಹೂಡಿದೆ. ಈ ಎಲೆಗೆ ಒಂದು ಸಲ ನೀರೆರೆದರೆ ಸಾಲದು. ಸೋಸಿಕೊಂಡು ಮತ್ತೆ ಎರೆಯಬೇಕು, ಪ್ರತಿ ಸಲವೂ ರುಚಿ ಬದಲಾಗುತ್ತದೆ. "ಸೋಸಿದ್ದಕ್ಕೇ ಮತ್ತೆ ನೀರು ಹಾಕ್ತೀರೇನ್ರಿ? ಜಿಪುಣರ ಚಾ ಐತಲ್ರಿ ಇದು" ಎಂದು ಗಿರಿಜಮ್ಮ ಬಾಗಿಲಿನಿಂದಲೇ ನಕ್ಕರು. ಕುದಿಸುವ ಕೆಲಸವಿಲ್ಲದೆ ಅವರಿಗೂ ಕೈ ಖಾಲಿ. ನೋಡುತ್ತ ನೋಡುತ್ತ ಬಂದು ಚಾಪೆಯ ಅಂಚಿಗೆ ಕೂತರು, ಅವರ ಪಕ್ಕಕ್ಕೆ ಸುಮಾ. ಆ ಮನೆಯಲ್ಲಿ ನಾವು ಮೂವರೂ ಒಟ್ಟಿಗೆ ಕೂತದ್ದು ಅದೇ ಮೊದಲು. ನನಗೆ ಹಬ್ಬದಂತೆ ಅನಿಸಿತು.

ಇನ್ನೊಮ್ಮೆ ನೀರೆರೆದು ಇಬ್ಬರಿಗೂ ಕೊಟ್ಟೆ. ಗಿರಿಜಮ್ಮ ಮಲೆಬೆನ್ನೂರಿನ ತಮ್ಮ ತವರಿನ ಸುದ್ದಿ ಹೇಳುತ್ತಿದ್ದರು. ಸುಮಾ ಒಂದು ಗುಟುಕು ಕುಡಿದು ಮುಖ ಕಿವುಚಿದಳು.

"ಒಲ್ಲೆ ಅತ್ತೆ, ಒಗರು ಐತೆ."

"ಒಲ್ಲೆ ಅಂದ್ರೆ ಇತ್ತ ಕೊಡೇ, ಚೆಲ್ಲಬ್ಯಾಡ" ಎಂದ ಗಿರಿಜಮ್ಮ ಆ ಕಪ್ಪನ್ನು ಇಸಿದುಕೊಂಡು, ತವರಿನ ಮಾತನ್ನು ನಿಲ್ಲಿಸದೆಯೇ, ಅವಳ ಎಂಜಲನ್ನು ಕುಡಿದು ಮುಗಿಸಿದರು. ಏನೋ ಮಾಡಿದೆನೆಂಬ ಅರಿವೂ ಅವರ ಮುಖದಲ್ಲಿರಲಿಲ್ಲ.

ಎಂಜಲಿಗೆ ಎಷ್ಟು ಅಂಜುವ ಜನ ನಾವು ಎಂಬುದು ನಿಮಗೆ ಗೊತ್ತೇ ಇದೆ. ಹಾಗೆ ಯೋಚಿಸದೆ ಕುಡಿಯುವುದು ತಾಯಿ, ಅದೂ ತನ್ನ ಮಗುವಿನದನ್ನು ಮಾತ್ರ. ಮಗಳನ್ನು ಏನೂ ಕೇಳದೆ, ಸಂಜೆಯ ಬಸ್ಸಿಗೆ ದಾವಣಗೆರೆಗೆ ಹೊರಟುಬಂದೆ.